ನೀರು ಬೆರೆಸದ ರಕ್ತ

ಪರದೆಯ ಮೇಲೆ ಗ್ರಾಫಿನ ಬಲಗಡೆಯ ಅರ್ಧವೇ ಇರಲಿಲ್ಲ. ಕೆಳಗೆ ಮಾತ್ರ ತನ್ನ ಹೆಸರಿರುವುದನ್ನು ಕಂಡು ತಂಗಿಯ ಮೈ ಉರಿದುಹೋಯಿತು.

ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸುವ ಆ ಅಂಗೈಯಗಲದ ಯಂತ್ರ ಅಕ್ಕನ ಗಂಡನ ಕಂಪನಿಯದು. ಅದರೊಳಗೆ ರಕ್ತಕಣಗಳು ಎತ್ತ ಸರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವಳು ತಂಗಿ. ಕೂದಲೆಳೆಯಂಥ ನಾಳದಲ್ಲಿ ಹರಿಯುವಾಗ ಕಣಗಳು ಗೋಡೆ ಬಿಟ್ಟು ನಡುವಿಗೆ ಸರಿಯುತ್ತವೆ. ಅಂಚಿನಲ್ಲುಳಿದ ತಿಳಿಯನ್ನು, ಅಂದರೆ ಪ್ಲಾಸ್ಮಾವನ್ನು, ಪಕ್ಕದ ಕವಲು ಎಳೆದುಕೊಳ್ಳುತ್ತದೆ. ಆದರೆ ಅದು ಉಪ್ಪುನೀರು ಬೆರೆಸಿ ತೆಳುವಾಗಿಸಿದ ರಕ್ತದ ಮಾತು. ಏನೂ ಬೆರೆಸದ ಮಂದ ರಕ್ತದಲ್ಲಿ ಕಣಗಳು ಒಂದನ್ನೊಂದು ನೂಕಾಡಿ ಮತ್ತೆ ಅಂಚಿಗೇ ಬರುತ್ತವೆ. ಭಾವ ಗ್ರಾಫಿನಲ್ಲಿ ಕತ್ತರಿ ಹಾಕಿದ್ದು ಆ ಭಾಗಕ್ಕೆ.

"ಇದೇನು ಭಾವ?"

"ಮೆತ್ತಗೆ ಮಾತಾಡು. ಡಾಕ್ಟರಮ್ಮ ಯಂತ್ರ ನೋಡೋಕೆ ಬರ್ತಿದಾರೆ. ಮೊದಲು ಆಸ್ಪತ್ರೆಯವರು ಒಪ್ಕೊಳ್ಳಲಿ, ಆಮೇಲೆ ಸರಿ ಮಾಡೋಣ."

"ಆಮೇಲೆ ಅಂದ್ರೆ? ರೋಗಿಗಳ ರಿಪೋರ್ಟ್ ತಪ್ಪಾದ್ಮೇಲಾ?"

ಭೂತಗನ್ನಡಿಯ ಕೆಳಗೆ ನಾಳಗಳಿಗೆ ಅಂಟು ಹಚ್ಚುತ್ತಿದ್ದ ಅಕ್ಕ ತಲೆಯೆತ್ತಿದಳು. "ಮೂಗಿನ ತುದೀಲೇ ಸಿಟ್ಟು ನಿಂಗೆ. ಮನೆ ಮಾತು ಮನೇಲಿರಲಿ ಕಣೇ."

"ಮನೆ ಮಾತಾ? ಕೆಳಗೆ ಯಾರ ಹೆಸರಿದೆ ನೋಡಕ್ಕ."

ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದರು. ಭಾವ ತೆಳು ರಕ್ತ ಹರಿಸಿದ. ಕವಲಿನಿಂದ ತಿಳಿಹಳದಿ ಹನಿಗಳು ಚೆನ್ನಾಗಿಯೇ ಇಳಿದವು.

"ಏನೂ ಬೆರೆಸದೆ ನೇರವಾಗಿ ಹಾಕಬಹುದಾ?" ಡಾಕ್ಟರಮ್ಮ ಕೇಳಿದರು. "ನಮ್ಮ ವಾರ್ಡಲ್ಲಿ ಬೆರೆಸ್ತಾ ಕೂರೋಕೆ ಯಾರಿಗೂ ಪುರುಸೊತ್ತಿರಲ್ಲ."

"ಧಾರಾಳವಾಗಿ," ಎಂದ ಭಾವ.

ತಂಗಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಹಾಕೇ ನೋಡೋಣ."

ಭಾವ ಅಡ್ಡ ಬರುವ ಮೊದಲೇ ಅವಳು ಫ್ರಿಜ್ಜಿನಿಂದ ಏನೂ ಬೆರೆಸದ ರಕ್ತ ತೆಗೆದು ಸಿರಿಂಜಿಗೆ ತುಂಬಿ, ಪಂಪು ಒತ್ತಿದಳು. ಕವಲಿನ ಮೊದಲ ಹನಿಯೇ ಗುಲಾಬಿ. ಆಮೇಲಿನವೆಲ್ಲ ಕಡುಗೆಂಪು. ಪಂಪು ಗುಯ್‌ಗುಟ್ಟುತ್ತಲೇ ಇತ್ತು.

ಡಾಕ್ಟರಮ್ಮ ಕೈಗವಸು ಬಿಚ್ಚಿ ಬುಟ್ಟಿಗೆಸೆದರು. "ಧಾರಾಳ ಅಂದ್ರಲ್ಲ ಸ್ವಾಮಿ!" ಎಂದವರೇ ಹೊರಟುಹೋದರು.

"ಉಂಡ ಮನೆಗೇ ಎರಡು ಬಗೆದ್ಯಲ್ಲೇ!" ಭಾವ ಗುಡುಗಿದ. "ಇನ್ನು ಈ ಹೊಸಿಲು ತುಳೀಬೇಡ!"

"ತುಳಿಯೋರ್ಯಾರು?" ಎಂದು ಅವಳು ಚೀಲ ಎತ್ತಿಕೊಂಡಳು. ಬಾಗಿಲು ಬಡಿದ ಸದ್ದಿಗೆ ಗಾಜುಗಳು ನಡುಗಿದವು.

ಎಷ್ಟೋ ವಾರಗಳ ಮೇಲೆ ಅಕ್ಕ ಅವಳ ಕೋಣೆಗೆ ಬಂದಳು. ಕೂರಲಿಲ್ಲ.

"ನಿನ್ನ ಭಾವ ಮಂದ ರಕ್ತಕ್ಕೇ ಅಂತ ಹೊಸ ನಾಳ ಮಾಡಿಸ್ತಿದಾರೆ. ಲೆಕ್ಕ ಹಾಕೋಕೆ ನೀನೇ ಬೇಕಂತೆ."

"ಅವರೇ ಬಂದು ಕೇಳಲಿ. ತಪ್ಪಾಯ್ತು ಅನ್ನಲಿ."

"ಕೆಳಗೆ ಕಾರಲ್ಲೇ ಕೂತಿದಾರೆ. ಅವರ ಸ್ವಭಾವ ನಿಂಗೊತ್ತಲ್ಲ."

"ನಂದೂ ಅವರಿಗೆ ಗೊತ್ತು."

ಅಕ್ಕನ ಕಣ್ಣು ತುಂಬಿತು. "ನೀನು ಹೇಳಿದ್ದೇ ಸರಿ ಕಣೇ. ಅದಕ್ಕೇ ನಿನ್ನ ಮೇಲೆ ಇನ್ನೂ ಸಿಟ್ಟು ನಂಗೆ."

ಅವಳು ಇಳಿದುಹೋದಳು. ತಂಗಿ ಕಿಟಕಿಯಲ್ಲಿ ನಿಂತು ನೋಡಿದಳು. ಕಾರಿನ ಬಾಗಿಲು ಅರ್ಧ ತೆರೆಯಿತು, ಭಾವನ ಒಂದು ಕಾಲು ರಸ್ತೆಗಿಳಿಯಿತು. ಬಂದರೆ ಬರಲಿ ಎಂದು ಅವಳು ಹಲ್ಲು ಕಚ್ಚಿ ಕಾದಳು.

ಕಾಲು ಒಳಗೆ ಹೋಯಿತು. ಕಾರು ಹೊರಟಿತು.