ನಲವತ್ತು ಜನರ ಲೈಸೆನ್ಸು

ನಮ್ಮದು ಶಿರಾಳಕೊಪ್ಪದ ಮಂಡಿ ಮನೆತನ. ಅಪ್ಪ ಪರಮಶಿವಪ್ಪನವರು ಹತ್ತು ಚೀಲ ಮೆಣಸಿನಕಾಯಿ ಬೇಕಿದ್ದರೆ ನೂರು ಚೀಲದ ಮಾತಾಡುತ್ತಿದ್ದರು. ದೊಡ್ಡ ಗಿರಾಕಿ ಎಂದರೆ ದರ ಇಳಿಯುತ್ತದಲ್ಲ! ನಾನು ಮಂಡಿ ಬಿಟ್ಟು ಶಿಕಾರಿಪುರದಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟೆ, ಸೊರಬದಲ್ಲೊಂದು ಶಾಖೆಯನ್ನೂ ತೆರೆದೆ. ಈ ಚಟ ಮಾತ್ರ ಬಿಡಲಿಲ್ಲ.

ಎರಡೂ ಕಡೆಯ ರಿಪೋರ್ಟುಗಳು ಶಿಕಾರಿಪುರದ ಒಂದೇ ಸರ್ವರ್‌ನಲ್ಲಿರುತ್ತವೆ. ಅದರ ಸಾಫ್ಟ್‌ವೇರ್ ಹಳೆಯದಾಗಿ ಹೊಸ ಲೈಸೆನ್ಸ್ ಕೊಳ್ಳಬೇಕಾಯಿತು. ನನಗೆ ಬೇಕಿದ್ದುದು ಒಂದೇ ಉತ್ತರ: ಸೊರಬಕ್ಕೆ ಬೇರೆ ಸರ್ವರ್, ಬೇರೆ ಲೈಸೆನ್ಸ್ ಬೇಕೋ ಬೇಡವೋ? ಬೇಕೆಂದರೆ ಆ ಖರ್ಚು ತೂಗದೆ ಶಾಖೆ ಮುಚ್ಚಬೇಕು. ಮುಚ್ಚಿದರೆ ಅಲ್ಲಿ ಆರು ವರ್ಷದಿಂದ ದುಡಿಯುತ್ತಿರುವ ಸಂಗೀತಳ ಕೆಲಸ ಹೋಗುತ್ತದೆ. ಜಡೆ ಊರಿನಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳು. ದಿನಾ ಶಿಕಾರಿಪುರಕ್ಕೆ ಓಡಾಡಲು ಆಗದು; ಜೊತೆಯ ಹುಡುಗನಾದರೆ ಬರಬಲ್ಲ.

ಸಾಫ್ಟ್‌ವೇರ್ ಕಂಪನಿಯವನು ಫೋನಿನಲ್ಲಿ ಮೊದಲು ಕೇಳಿದ್ದು, "ಎಷ್ಟು ಜನ ಬಳಸ್ತೀರಿ ಸರ್?"

"ನಲವತ್ತು," ಎಂದೆ, ಗತ್ತಿನಿಂದ. ಇದ್ದದ್ದು ಐದು ಜನ.

ಚೀಲಕ್ಕೂ ಲೈಸೆನ್ಸಿಗೂ ಲೆಕ್ಕ ಉಲ್ಟಾ ಎಂದು ನನಗೇನು ಗೊತ್ತು? ಇಲ್ಲಿ ತಲೆ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಸೊರಬದ ವಿಷಯ ಎತ್ತಿದಾಗಲೆಲ್ಲ "ನಿಮ್ಮಷ್ಟು ದೊಡ್ಡ ಸಂಸ್ಥೆ, ನೋಡಿ ಹೇಳ್ಬೇಕು ಸರ್" ಎಂದು ಮೇಲಿನ ಸಾಹೇಬರಿಗೆ ದಾಟಿಸಿದರು. ಸಾಹೇಬರು ಎರಡೆರಡು ಸರ್ವರಿನ ನಕ್ಷೆ ಕಳಿಸಿದರು. ತಲೆಬುಡ ಅರ್ಥವಾಗದಿದ್ದರೂ "ಕರೆಕ್ಟ್, ಕರೆಕ್ಟ್" ಎಂದೆ. ಹೀಗೇ ಎರಡು ತಿಂಗಳು. ಒಬ್ಬರೂ ನೆಟ್ಟಗೆ ಉತ್ತರ ಕೊಡುವುದಿಲ್ಲ ಎಂದು ಪೇಟೆಯಲ್ಲೆಲ್ಲ ಬೈದುಕೊಂಡು ತಿರುಗಿದೆ. ಥೂ, ನನ್ನ ಬುದ್ಧಿಗಿಷ್ಟು! ನಲವತ್ತಲ್ಲ, ಐದೇ ಎನ್ನಲು ಬಾಯಿ ಬರಲಿಲ್ಲ. ಅದಕ್ಕಿಂತ ಸಂಗೀತಳಿಗೆ, "ಮುಂದಿನ ತಿಂಗಳಿಂದ ಶಾಖೆ ಇರಲ್ಲಮ್ಮ, ಬೇರೆ ಕಡೆ ನೋಡ್ಕೋ" ಎನ್ನುವುದೇ ಸುಲಭವೆನಿಸಿತು. ಹೇಳಿಯೂ ಬಿಟ್ಟೆ. ಅವಳು "ಹೂಂ ಸರ್" ಎಂದಳು, ಅಷ್ಟೇ.

ಹದಿನೈದು ದಿನ ಬಿಟ್ಟು ಸಾಮಾನು ಕಟ್ಟಿಸಲು ಸೊರಬಕ್ಕೆ ಹೋದೆ. ಕೈತುಂಬ ಪೆಟ್ಟಿಗೆ ಹಿಡಿದಿದ್ದಾಗ ಮೇಜಿನ ಮೇಲಿದ್ದ ನನ್ನ ಫೋನಿಗೆ ಕಂಪನಿಯ ಕರೆ ಬಂತು. ಸಂಗೀತಳೇ ಎತ್ತಿ ಸ್ಪೀಕರಿಗೆ ಹಾಕಿದಳು.

"ಸರ್, ಶಿಕಾರಿಪುರದಲ್ಲಿ ಮೂರು ಜನ, ಇಲ್ಲಿ ಸೊರಬದಲ್ಲಿ ಇಬ್ರು. ಸರ್ವರ್ ಒಂದೇ, ಅಲ್ಲೇ ಐತೆ. ಇಲ್ಲಿಗೆ ಇನ್ನೊಂದು ಬೇಕೇನ್ರಿ?"

"ಐದೇ ಜನಾನಾ? ಹಾಗಾದ್ರೆ ಬೇಡ ಮೇಡಂ. ಸರ್ವರಿಗೆ ಒಂದು ಲೈಸೆನ್ಸ್, ಬಳಸೋರಿಗೆ ಐದು. ಮುಗೀತು. ಮತ್ತೆ ಆ ನಲವತ್ತು ಜನ?"

ಅವಳು ನನ್ನ ಕಡೆ ನೋಡಿದಳು. ನಾನು ಪೆಟ್ಟಿಗೆಯೊಳಗೆ ಏನೋ ಹುಡುಕಿದೆ.

"ಅದು ನಮ್ ಸರ್ ಸುಮ್ನೆ ಹೇಳಿದ್ದು," ಎಂದಳು.

ನಾಚಿಕೆಯಾದರೂ ಖುಷಿ ತಡೆಯಲಾಗಲಿಲ್ಲ. "ಅಬ್ಬಾ! ಶಾಖೆ ಉಳೀತಲ್ಲಮ್ಮ! ನಿನ್ನ ಕೆಲ್ಸಾನೂ ಉಳೀತು!" ಎಂದೆ.

"ಐದು ಬ್ಯಾಡ ಸರ್, ನಾಲ್ಕು ಬರ್ಕಳಿ," ಎಂದಳು ಫೋನಿಗೆ. ಆಮೇಲೆ ನನ್ನತ್ತ ತಿರುಗಿ, "ನೀವೇ ನೋಡ್ಕೋ ಅಂದ್ರಲ್ಲ ಸರ್. ನಿನ್ನೆ ಬೇರೆ ಕಡೆ ಒಪ್ಕಂಡು ಬಂದೆ," ಎಂದಳು.

"ಕನ್ಫರ್ಮ್ ಮಾಡ್ಲಾ ಸರ್? ನಾಲ್ಕೇ ಅಲ್ವಾ?" ಕಂಪನಿಯವನು ಕೇಳುತ್ತಿದ್ದ. ಸಂಗೀತ ಫೋನನ್ನು ನನ್ನ ಮುಂದೆ ಹಿಡಿದಳು. ನಾನು ಹೌದು ಎನ್ನಲೇಬೇಕಾಯಿತು.