ಎಲೆಯ ಗುರುತು

ಬಂದೂಕು ಹಿಡಿದವರ ಕತೆ ಹೇಳಬಲ್ಲವರು ಬೇಕಾದಷ್ಟಿದ್ದಾರೆ. ಅದರ ಬಿಡಿಭಾಗಗಳನ್ನು ಅಳೆಯುತ್ತ ಕೂತ ಹೆಂಗಸೊಬ್ಬಳ ಕತೆಯನ್ನು ಅರೆಬರೆ ತಿಳಿದು ಹೇಳಹೊರಟಿದ್ದಕ್ಕೆ ಓದುಗರು ಮನ್ನಿಸಬೇಕು.

ಮಗಳು ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದಳು.

“ನೀವು ಒಳಗೆ ಬರೋ ಹಾಗಿಲ್ಲ.”

ಹೂವಿನ ಕಟ್ಟು ಹಿಡಿದಿದ್ದ ಮುದುಕ ಮೆಟ್ಟಿಲ ಮೇಲೇ ನಿಂತ. ರೈಫಲ್ ಕಾರ್ಖಾನೆಯ ಹಳೆಯ ಫೋರ್‌ಮನ್. ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ಕೈಕೆಳಗೆ ಹತ್ತೊಂಬತ್ತು ವರ್ಷ ತಪಾಸಣೆಯ ಮೇಜಿನಲ್ಲಿ ದುಡಿದವಳು.

“ಇವತ್ತೊಂದಿನ ಬಿಟ್ಬಿಡಮ್ಮ,” ಎಂದ ಪಕ್ಕದಲ್ಲಿದ್ದ ಲೇತ್ ಮಾವ, ಲೇತ್ ಯಂತ್ರದ ಕೆಲಸಕ್ಕೆ ಅಮ್ಮನ ಜೊತೆಗೇ ಸೇರಿದವನು.

“ನೀವು ಸುಮ್ನಿರಿ ಮಾವ.”

“ತಾಯಿಗೆ ತಕ್ಕ ಮಗಳು ಬಿಡು! ಅವಳ ಅಳತೆ ಗೇಜ್ ದಾಟಿ ಒಂದು ಸೊಳ್ಳೆನೂ ಆಚೆ ಹೋಗ್ತಿರ್ಲಿಲ್ಲ.”

ಮಗಳು ನಗಲಿಲ್ಲ.

*

ತಪಾಸಣೆಯವರಿಗೆಲ್ಲ ಒಂದೊಂದು ಉಕ್ಕಿನ ಅಚ್ಚು ಇರುತ್ತಿತ್ತು. ಅಳೆದು ಒಪ್ಪಿದ ಭಾಗದ ಮೇಲೆ ಮಾತ್ರ ಅದನ್ನಿಟ್ಟು ಸುತ್ತಿಗೆಯಿಂದ ಕುಟ್ಟಬೇಕು. ಅಮ್ಮನ ಅಚ್ಚಿನ ಗುರುತು ಪುಟ್ಟ ಎಲೆ. ಬೇರೆಯವರ ಅಚ್ಚು ಮುಟ್ಟುವುದೆಂದರೆ ಅವರ ಹೆಸರಿನಲ್ಲಿ ಕಳ್ಳರುಜು ಹಾಕಿದಷ್ಟೇ ಹೇಸಿಗೆ.

ಆ ಮೇಜಿನಲ್ಲಿ ಅವಳ ಹತ್ತೊಂಬತ್ತನೇ ವರ್ಷ ಹೊಸ ಸ್ವಯಂಚಾಲಿತ ರೈಫಲ್ ತಯಾರಾಗುತ್ತಿತ್ತು. ಸೈನ್ಯ ದಿನಕ್ಕೆರಡು ಸಲ ಫೋನ್ ಮಾಡುತ್ತಿತ್ತು. ಗುಂಡು ಹಾರುವಾಗ ಅದನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟುಗಳು, ಇನ್ನೂರ ಹನ್ನೆರಡು, ಅಮ್ಮನ ಮೇಜಿಗೆ ಬಂದವು. ಅಳತೆ ಮೀರಿದ್ದನ್ನು ಹಿಡಿಯಲೆಂದೇ ಇದ್ದ, ಬೋಲ್ಟು ಮುಚ್ಚಿಕೊಳ್ಳಬಾರದ ಗೇಜಿನ ಮೇಲೂ ಅವು ಮುಚ್ಚಿಕೊಂಡವು. ಕೂದಲೆಳೆಯಷ್ಟು ಸಡಿಲ.

“ಹಳೇ ರೈಫಲ್‌ನಲ್ಲಿ ಇದೇ ಅಳತೆ ನಡೀತಿತ್ತಲ್ಲ?” ಎಂದಿದ್ದ ಫೋರ್‌ಮನ್.

“ಅದ್ರಲ್ಲಿ ಒಂದೊಂದೇ ಗುಂಡು ಸಾರ್. ಇದನ್ನ ಮಾಡ್ತಿರೋದೇ ಟ್ರಿಗರ್ ಒತ್ತಿ ಹಿಡಿದು ಇಪ್ಪತ್ತು ಬಿಡೋದಕ್ಕೆ. ಕಾದು ಕೆಂಡ ಆಗಿರುತ್ತೆ, ಸಡಿಲ ಇದ್ರೆ ಗುಂಡು ಒಳಗೇ ಸಿಡೀಬಹುದು. ಆಗ ಅದನ್ನ ಹೊಡೆಯೋ ಹುಡುಗನ ಕೆನ್ನೆ ಎಲ್ಲಿರುತ್ತೆ ಗೊತ್ತಾ? ಇಲ್ಲಿ.” ಕೈಯಲ್ಲಿದ್ದ ಬೋಲ್ಟನ್ನು ತನ್ನ ಕೆನ್ನೆಗೆ ತಾಗಿಸಿ ತೋರಿಸಿದ್ದಳು.

ಅವನು ತಾನೇ ಕುಟ್ಟುತ್ತೇನೆಂದು ಅವಳ ಕೈಯಿಂದ ಅಚ್ಚು ಕಿತ್ತುಕೊಂಡ. ಮರುದಿನದಿಂದ ಅವಳಿಗೆ ಪ್ಯಾಕಿಂಗ್ ವಿಭಾಗ. ನಿವೃತ್ತಿಯವರೆಗೆ, ಹನ್ನೊಂದು ವರ್ಷ, ಬಂದೂಕುಗಳಿಗೆ ಗ್ರೀಸ್ ಕಾಗದ ಸುತ್ತಿ ಪೆಟ್ಟಿಗೆಗೆ ತುಂಬಿದಳು. ರೈಫಲ್ ಒಡೆದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅಮ್ಮ ಆ ದಿನ ಊಟ ಬಿಡುತ್ತಿದ್ದಳು. “ನನ್ನ ಎಲೆ ಇತ್ತೇನೋ,” ಎನ್ನುತ್ತಿದ್ದಳು.

*

“ಅಮ್ಮನ ಹೆಸರು ಕೆಡಿಸಿ ಹೂವು ತಂದ್ರಾ?” ಎಂದಳು ಮಗಳು.

“ನಿಮ್ಮಮ್ಮನ ಎಲೆ ಒಂದಕ್ಕೆ ಕುಟ್ಟಿದೆ,” ಎಂದ ಮುದುಕ. “ಒಂದಕ್ಕೇ. ಸುಳ್ಳಲ್ಲ. ಆದ್ರೆ ನಿಮ್ಮಮ್ಮನ ಮಾತು ತಲೇಲಿ ಕೊರೀತಿತ್ತು. ಬೇರೆಯವರ ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ. ರೈಫಲ್‌ಗೆ ಜೋಡಿಸಿ ನಾನೇ ಹೆಗಲಿಗಿಟ್ಟು ಹೊಡೆದೆ. ಹದಿನಾರನೇ ಗುಂಡು ಒಳಗೇ ಸಿಡೀತು.”

ಅವನ ಬಲಗೆನ್ನೆಯ ಗಂಟುಗಂಟಾದ ಗಾಯದ ಕಲೆ ಊರಿಗೆಲ್ಲ ಪರಿಚಿತ.

“ಸೈಕಲ್‌ನಿಂದ ಬಿದ್ದೆ ಅಂದಿದ್ರಲ್ಲ!” ಲೇತ್ ಮಾವ ಬಾಯಿ ತೆರೆದ.

“ಇನ್ನೇನು ಹೇಳ್ಲಿ? ಉಕ್ಕು ಸರಿ ಇಲ್ಲ ಅಂತ ಬರೆದು ಎಲ್ಲಾನೂ ಕುಲುಮೆಗೆ ಹಾಕಿಸ್ದೆ. ಒಂದೂ ಸಿಪಾಯಿ ಕೈ ಸೇರ್ಲಿಲ್ಲ.”

“ಅಮ್ಮನಿಗೆ ಯಾಕೆ ಹೇಳ್ಲಿಲ್ಲ?”

“ಯಾವ ಮುಖ ಇಟ್ಕೊಂಡು ಹೇಳ್ಲಮ್ಮ? ಅವಳನ್ನ ವಾಪಸ್ ಕರೆದ್ರೆ ಯಾಕೆ ಅಂತ ಎಲ್ರಿಗೂ ಹೇಳ್ಬೇಕಾಗ್ತಿತ್ತು.”

ಮಗಳು ಬಾಗಿಲಿಗೆ ಅಡ್ಡವಿಟ್ಟ ಕೈ ತೆಗೆದಳು.

“ನನಗೆ ಹೇಳಿದ್ರೆ ಸಾಲ್ದು. ಒಳಗೆ ಬಂದು ಎಲ್ಲರೆದುರು ಹೇಳಿ. ಗಟ್ಟಿಯಾಗಿ.”

ಅವನು ಹೇಳಿದ. ಇನ್ನೂರ ಹನ್ನೆರಡು ಎಂಬ ಲೆಕ್ಕವನ್ನೂ ಬಿಡದೆ ಹೇಳಿದ. ಪ್ಯಾಕಿಂಗ್‌ನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. “ನಮ್ಮಕ್ಕ!” ಎಂದಳೊಬ್ಬಳು, ಕಣ್ಣೊರೆಸಿಕೊಳ್ಳದೆ. ಮಗಳ ಬೆನ್ನು ನೆಟ್ಟಗಾಯಿತು.

ಹೊರಡುವ ಹೊತ್ತಾಯಿತು. ಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಡಲು ಮಗಳು ಫೋರ್‌ಮನ್‌ನನ್ನೇ ಕರೆದಳು. ಆರು ಜನರಲ್ಲಿ ಅವನೇ ಗಿಡ್ಡ.

“ಎತ್ತಿ ಸಾರ್, ನಿಮ್ಮ ಮೂಲೆ ತಗ್ಗಾಯ್ತು,” ಎಂದ ಹಿಂದಿನಿಂದ ಲೇತ್ ಮಾವ. “ಅಕ್ಕ ಪಾಸ್ ಮಾಡಲ್ಲ.”

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ಮುದುಕ ತುದಿಗಾಲಿನಲ್ಲಿ ನಿಂತ. ಗೇಟಿನಾಚೆ ನಿಂತಿದ್ದ ವ್ಯಾನಿನವರೆಗೂ ಹಿಮ್ಮಡಿ ನೆಲಕ್ಕೂರದೆ ಹಾಗೆಯೇ ನಡೆದ.

ಹನ್ನೊಂದು ವರ್ಷ ದಿನವೂ ಆ ಗಾಯದ ಕೆನ್ನೆಯನ್ನು ನೋಡಿದ ಅಮ್ಮ ಏನೂ ಊಹಿಸಲಿಲ್ಲವೇ? ಅದು ಮಗಳಿಗೂ ತಿಳಿಯದು.