ಹದಿನೇಳು ಅಡಿ ಐದು ಅಂಗುಲ

ಹಲ್ಲಿನ ಡಾಕ್ಟರು ಆ ಹಳೆಯ ಮರದ ದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದಾಗ, ಟಾರ್ಪಾಲು ಬಿಚ್ಚುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಹೊರಗೆ ಇಣುಕುತ್ತಿದ್ದ ಹಿಂಬದಿಯ ಹಲಗೆ ಎಡಕ್ಕೆ ಒಂದಿಷ್ಟು ವಾಲಿತ್ತು. ಅದನ್ನು ಕೂರಿಸುವಾಗ ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತಮ್ಮ. ಅವನು ಸೀನಿದ, ಅಪ್ಪ ಮೊಳೆ ಹೊಡೆದೇಬಿಟ್ಟ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಇದನ್ನೆಲ್ಲ ಡಾಕ್ಟರಿಗೆ ಹೇಳಲಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಮಾತು ಜಾಸ್ತಿ. ದಿನವಿಡೀ ಬಾಯಿ ತೆರೆದು ಕೂತವರ ಜೊತೆ ಮಾತಾಡಿ ಅಭ್ಯಾಸವಾಗಿ, ಉತ್ತರಕ್ಕೆ ಕಾಯುವುದನ್ನೇ ಮರೆತಿದ್ದಾರೆ. ಅವರಿಗೆ ದುರಸ್ತಿಯೊಂದೇ ಸಾಲದು, ದೋಣಿಯ ಚರಿತ್ರೆಯೂ ಬೇಕು. ಇದುವರೆಗಿನ ಒಡೆಯರ ಹೆಸರನ್ನೆಲ್ಲ ಹಿತ್ತಾಳೆ ತಗಡಿನಲ್ಲಿ ಕೆತ್ತಿಸಿ ಒಳಗೆ ಬಡಿಸುತ್ತಾರಂತೆ. ಅವರ ಚೀಟಿಯಲ್ಲಿ ಮೊದಲು ಕಟ್ಟಿದವನು, ಅಂದರೆ ನಮ್ಮಪ್ಪ. ಎರಡನೆಯವನು ತಮ್ಮ. ಆಮೇಲೆ ಹನ್ನೊಂದು ವರ್ಷ ಒಬ್ಬ ಮೇಷ್ಟ್ರು. ಕೊನೆಯ ನಾಲ್ಕು ವರ್ಷ ಒಬ್ಬ ಹೋಟೆಲಿನವನು. ಅವನು ದೋಣಿಗೆ ಮಣ್ಣು ತುಂಬಿಸಿ ಬಾಗಿಲ ಮುಂದೆ ಹೂವಿನ ಗಿಡ ನೆಟ್ಟಿದ್ದ. ಅಂಥವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಮೇಷ್ಟ್ರಿಗೂ ಹೋಟೆಲಿನವನಿಗೂ ನಡುವೆ ಒಂಬತ್ತು ವರ್ಷ ಖಾಲಿ; ಹೋಟೆಲಿನವನು ಕೊಟ್ಟವರ ಹೆಸರು ಕೇಳಿಟ್ಟುಕೊಂಡಿರಲಿಲ್ಲವಂತೆ. ಡಾಕ್ಟರು ಆ ಜಾಗದಲ್ಲಿ ಪ್ರಶ್ನೆಯ ಗುರುತು ಹಾಕಿ, ಹುಡುಕಿಕೊಡಿ ಎಂದರು. ನಾನು ದೋಣಿ ರಿಪೇರಿಯವನು, ಪೊಲೀಸಲ್ಲ ಎಂದೆ.

ಅಪ್ಪ ಸಾಯುವಾಗ ದೋಣಿಯನ್ನು ತಮ್ಮನಿಗೆ ಕೊಟ್ಟ, ದೋಣಿ ಕಟ್ಟುವ ಕಾರ್ಖಾನೆಯನ್ನು ನನಗೆ. ತಿಂಗಳು ತುಂಬುವ ಮೊದಲೇ ತಮ್ಮ ದೋಣಿ ಮಾರಿದ. ಅವನಿಗೆ ಏನು ತಾಪತ್ರಯವಿತ್ತೋ ನಾನು ಕೇಳಲಿಲ್ಲ. ದೋಣಿಯನ್ನು ವಾಪಸು ತಂದು ನನ್ನ ಮುಂದೆ ನಿಲ್ಲಿಸುವವರೆಗೂ ನನ್ನ ಜೊತೆ ಮಾತಾಡಬೇಡ, ನಿನ್ನ ಹೆಸರು ಹೇಳಿಕೊಂಡು ಬರಬೇಡ ಎಂದುಬಿಟ್ಟೆ. ಹಟ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಪಾಲಾಗಿ ಬಂದದ್ದು. ಇಪ್ಪತ್ತು ವರ್ಷ ಮಾತಿಲ್ಲದೆ ಕಳೆಯಿತು. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡನೆಂದು ಅವನ ಹೆಂಡತಿಯಿಂದ ಕಾಗದ ಬಂತು. ನಾನು ಹೋಗಲಿಲ್ಲ. ಕಾಗದವನ್ನು ಉಳಿಗಳ ಡ್ರಾಯರಿನಲ್ಲಿ ಹಾಕಿದೆ. ಅಂದಿನಿಂದ ಆ ಡ್ರಾಯರು ತೆಗೆಯುವಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಹಳೆಯ ದೋಣಿ ಬಂದರೆ ನಾನು ಒಂದೇ ಸಲಕ್ಕೆ ಬಣ್ಣ ಕೆರೆಯುವುದಿಲ್ಲ. ಮೊದಲು ಅಂಗೈಯಗಲದ ಒಂದು ಜಾಗದಲ್ಲಿ ಪದರ ಪದರವಾಗಿ ಬಿಡಿಸಿ ನೋಡುತ್ತೇನೆ. ಒಡೆಯ ಬದಲಾದರೆ ಬಣ್ಣವೂ ಬದಲಾಗುತ್ತದೆ. ಮೇಲೆ ಹೋಟೆಲಿನವನ ಕೆಂಪು. ತಳದಲ್ಲಿ ಅಪ್ಪನ ನೀಲಿ, ಅದರ ಮೇಲೆ ಮೇಷ್ಟ್ರ ಕೆನೆಬಣ್ಣ. ಕೆನೆಬಣ್ಣಕ್ಕೂ ಕೆಂಪಿಗೂ ನಡುವೆ ಮತ್ತೆ ನೀಲಿ.

ಅಪ್ಪ ನೀಲಿಗೆ ಒಂದು ಚಮಚ ದೀಪದ ಮಸಿ ಬೆರೆಸುತ್ತಿದ್ದ. ಅಂಗಡಿಯಲ್ಲಿ ಸಿಗುವ ನೀಲಿ ಅದಲ್ಲ. ಆ ಅಳತೆ ಗೊತ್ತಿದ್ದದ್ದು ಇಬ್ಬರಿಗೇ, ಅವರಲ್ಲಿ ಒಬ್ಬ ನಾನು. ಬಿಸಿಲು ಕಂಡ ಬಣ್ಣ ಬಿರುಕು ಬಿಡುತ್ತದೆ. ಈ ನೀಲಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಒಂಬತ್ತು ವರ್ಷ ಅದನ್ನು ಯಾರೋ ನೀರಿಗಿಳಿಸದೆ ನೆರಳಲ್ಲಿಟ್ಟು ಕಾಪಾಡಿದ್ದರು. ಉಳಿ ಕೆಳಗಿಟ್ಟೆ.

ಡ್ರಾಯರಿನ ಕಾಗದದಲ್ಲಿ ನಂಬರಿತ್ತು. ಫೋನ್ ಮಾಡಿದೆ. ತಮ್ಮನ ಹೆಂಡತಿ ನನ್ನ ದನಿ ಕೇಳಿದವಳೇ, ಊಟವಾಯಿತೇ ಎಂದಳು. ನಾನು ದೋಣಿಯ ವಿಷಯ ಎತ್ತಿದೆ.

"ಮೇಷ್ಟ್ರ ಹತ್ರ ವಾಪಸ್ ಕೊಂಡ್ಕೊಂಡ ದಿನಾನೇ ನಿಮಗೆ ಫೋನ್ ಮಾಡಿದ್ರಲ್ಲ ಭಾವ" ಎಂದಳು. "ಸರದಿ ಇದೆಯಂತೆ, ಎರಡು ವರ್ಷ ಕಾಯಬೇಕಂತೆ ಅಂತ ನಗ್ತಾ ಬಂದ್ರು. ಹೆಸರು ಹೇಳಬಾರದು ಅಂತ ಅಣ್ಣನೇ ಹೇಳಿದಾನೆ, ಅದಕ್ಕೆ ಬರೀ ಅಳತೆ ಹೇಳಿದೆ, ಅವನಿಗೆ ಗೊತ್ತಾಗಿರುತ್ತೆ ಅಂದ್ರು. ಕೋಪ ಇಳಿದ ಮೇಲೆ ಅವನೇ ಕರೀತಾನೆ ಅಂತಿದ್ರು."

ದೋಣಿಯ ಸಂದುಗಳು ಬಿಟ್ಟುಕೊಂಡಿದ್ದವಂತೆ. ಬೇರೆಯವರು ಮುಚ್ಚಿಕೊಡುತ್ತೇವೆಂದರೆ ತಮ್ಮ ಒಪ್ಪಲಿಲ್ಲವಂತೆ. ಅದು ಅಣ್ಣನ ಕೆಲಸ ಎನ್ನುತ್ತಿದ್ದನಂತೆ. ಅವನು ಹೋದ ಮೇಲೆ ನೋಡಿಕೊಳ್ಳಲಾಗದೆ ಹೋಟೆಲಿನವನಿಗೆ ಕೊಟ್ಟೆ, ತಪ್ಪು ತಿಳಿಯಬೇಡಿ ಎಂದಳು.

ರಿಪೇರಿಗೆ ಕಾಯುವವರನ್ನು ಬರೆದಿಡುವ ಸರದಿಯ ಪುಸ್ತಕಗಳು ಅಟ್ಟದ ಮೇಲಿದ್ದವು. ಹದಿಮೂರು ವರ್ಷದ ಹಿಂದಿನದನ್ನು ಇಳಿಸಿ ಧೂಳು ಕೊಡವಿದೆ. ಬಹಳ ಹುಡುಕಬೇಕಾಗಲಿಲ್ಲ. ಹೆಸರಿನ ಜಾಗ ಖಾಲಿ ಇದ್ದ ಸಾಲು ಅದೊಂದೇ. 'ಹದಿನೇಳು ಅಡಿ ಐದು ಅಂಗುಲ. ಹಿಂಬದಿ ಹಲಗೆ ಎಡಕ್ಕೆ ವಾಲಿದೆ. ಹೆಸರು ಹೇಳಲಿಲ್ಲ. ಕಾಯುತ್ತಾನಂತೆ.' ನನ್ನದೇ ಅಕ್ಷರ.

ಹದಿನೇಳು ಅಡಿ ಐದು ಅಂಗುಲದ ದೋಣಿಯನ್ನು ಯಾರೂ ಕಟ್ಟುವುದಿಲ್ಲ. ಅಪ್ಪನಿಗೆ ಸಿಕ್ಕಿದ ಮರ ಹದಿನೇಳೂವರೆ ಅಡಿಗೆ ಒಂದಂಗುಲ ಗಿಡ್ಡವಾಗಿದ್ದರಿಂದ ಆ ಅಳತೆ ಬಂತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳಬಲ್ಲೆ. ಆದರೆ ಆ ದಿನ ಗರಗಸದ ಮಿಷನ್ನು ಓಡುತ್ತಿತ್ತು, ಅದನ್ನು ನಿಲ್ಲಿಸಲಿಲ್ಲ. ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಕೂಗಿ ಮಾತಾಡಿದ್ದು ನೆನಪಾಯಿತು. ಕಾಯೋಕಾಗದಿದ್ರೆ ಬೇರೆ ಕಡೆ ನೋಡ್ಕೊಳ್ಳಿ ಎಂದು ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿರಬೇಕು. ಕೈ ಬರೆದುಕೊಂಡಿತು, ಕಿವಿ ಕೇಳಿಸಿಕೊಳ್ಳಲಿಲ್ಲ.

ಸಾಲಿನ ಕೊನೆಯಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ಮಾತಿತ್ತು. ಎರಡು ವರ್ಷದ ಮೇಲೆ ಸರದಿ ಬಂದಾಗ, ಕರೆಯಲು ಹೆಸರಿಲ್ಲ ನಂಬರಿಲ್ಲ ಎಂದು ಬೈದುಕೊಂಡು ಬರೆದದ್ದು. 'ಬರಲಿಲ್ಲ.'

ನಾನು ಪುಸ್ತಕದ ಮುಂದೆ ಕೂತು ಅತ್ತೆ. ಈ ಕಾರ್ಖಾನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲವಾದ್ದರಿಂದ ಗಟ್ಟಿಯಾಗಿಯೇ ಅತ್ತೆ. ಆಮೇಲೆ ಪೆನ್ಸಿಲು ತೆಗೆದುಕೊಂಡು ಖಾಲಿ ಜಾಗದಲ್ಲಿ ತಮ್ಮನ ಹೆಸರು ಬರೆದೆ. 'ಬರಲಿಲ್ಲ' ಎಂಬುದನ್ನು ಹೊಡೆದುಹಾಕಿ 'ಬಂದಿದ್ದ' ಎಂದು ತಿದ್ದಿದೆ.

ಶನಿವಾರ ಡಾಕ್ಟರು ಬಂದರು. ಒಂಬತ್ತು ವರ್ಷದ ಒಡೆಯ ಸಿಕ್ಕಿದ, ಎರಡನೆಯ ಹೆಸರನ್ನೇ ಇನ್ನೊಮ್ಮೆ ಕೆತ್ತಿಸಿ ಎಂದೆ. ಅವರು ಚೀಟಿಯಲ್ಲಿ ಬರೆದುಕೊಂಡು, ನಿಮ್ಮ ಸರದಿ ಪುಸ್ತಕದ ವಿಷಯ ಕೇಳಿದ್ದೇನೆ, ನಾನು ಎಷ್ಟು ವರ್ಷ ಕಾಯಬೇಕು ಎಂದು ಕೇಳಿದರು. ಕೇಳಿ, ಮೊದಲ ಬಾರಿಗೆ, ಉತ್ತರಕ್ಕಾಗಿ ಸುಮ್ಮನೆ ನಿಂತರು.

"ಇದರ ಸರದಿ ಹನ್ನೊಂದು ವರ್ಷದ ಹಿಂದೇನೇ ಬಂದಿತ್ತು ಡಾಕ್ಟ್ರೇ" ಎಂದೆ.

ಹಿಂಬದಿಯ ಹಲಗೆಯನ್ನು ನೆಟ್ಟಗೆ ಮಾಡುತ್ತೀರಲ್ಲ ಎಂದು ಅವರು ಕೇಳಿದರು. ಮಾಡುವುದಿಲ್ಲ ಎಂದು ಹೇಳಿ, ಸಂದು ಮುಚ್ಚುವ ಹತ್ತಿ ಎತ್ತಿಕೊಂಡೆ.